ಗುಮಾಸ್ತನ ಕೈಯಲ್ಲಿ ಕತ್ತಿ

ಮಂಗಳವಾರ, ಬೆಳಗಿನ ಹತ್ತು ಗಂಟೆ

ಮುದ್ದು ಮಗಳೇ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೂ ಮುದ್ದು ಅಂತಲೇ ಶುರುಮಾಡಿದ್ದೇನೆ, ಗಮನಿಸು. ನನ್ನ ಹೆಸರಿನಲ್ಲಿ ಸಿದ್ಧಮಾಡಿ ನೀನು ಕಳಿಸಿದ ಕ್ಷಮಾಪಣೆಯ ಕಾಗದ ನಿನ್ನೆ ಕೈಸೇರಿತು. ನಿಮ್ಮ ಆಫೀಸಿನವರು ತಂದ ಜಪಾನಿ ವಿಡಿಯೋ ಗೇಮಿನಲ್ಲಿ ಯೋಧ, ವೈದ್ಯ, ಕಳ್ಳ ಅಂತ ನಲವತ್ತೆರಡು ಬಗೆಯ ಪಾತ್ರಗಳಿವೆ. ಅವುಗಳಿಗೆ ನಾನು ಕನ್ನಡದಲ್ಲಿಟ್ಟ ಹೆಸರುಗಳನ್ನು ನೋಡಿ ಆಡುವವರೆಲ್ಲ ನಗುತ್ತಿದ್ದಾರೆ. ಅದಕ್ಕೆ 'ಅನುವಾದಕಿಯ ವಯಸ್ಸು ಮತ್ತು ಮರೆವು' ಕಾರಣವಂತೆ. ಕೆಳಗೆ ನಾನು ಸಹಿ ಹಾಕಬೇಕಂತೆ. ಹಾಕುವುದಿಲ್ಲ.

"ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ ಅಮ್ಮ, ನನ್ನ ಕೆಲಸ ಉಳಿಯುತ್ತೆ" ಅಂತ ನೀನು ಫೋನಿನಲ್ಲಿ ಅಂದೆ. ನನ್ನ ಗಂಟು ಏನೆಂದು ಹೇಳುತ್ತೇನೆ ಕೇಳು. ಮೂವತ್ತೊಂದು ವರ್ಷ ಜಪಾನಿ ಭಾಷೆ ಕಲಿಸಿದ್ದೇನೆ. ಆ ಕಾಗದ ಹೊರಬಿದ್ದರೆ ನನ್ನ ಕೈಲಿ ಕಲಿತವರೆಲ್ಲ ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ.

ನಡೆದದ್ದನ್ನು ನೆನಪಿಸುತ್ತೇನೆ, ಮರೆವು ಯಾರಿಗೆ ಅಂತ ನೋಡೋಣ. ನೀನು ಕಳಿಸಿದ್ದು ಬರೀ ಒಂದು ಪಟ್ಟಿ. ಸಾಲಿಗೊಂದು ಜಪಾನಿ ಪದ, ಪಕ್ಕದಲ್ಲಿ ಖಾಲಿ ಚೌಕ, ಚೌಕದೊಳಗೆ ಎಂಟಕ್ಷರ ಮೀರುವಂತಿಲ್ಲ. ಪದದ ಹಿಂದಿರುವುದು ಗಂಡೋ ಹೆಣ್ಣೋ, ಕೈಯಲ್ಲಿ ಕತ್ತಿಯಿದೆಯೋ ಸೌಟಿದೆಯೋ, ದೇವರೇ ಬಲ್ಲ. ಚಿತ್ರ ಕೊಡು ಅಂತ ಮೂರು ಸಲ ಕೇಳಿದೆ. ಮೂರನೆಯ ಸಲ ನೀನು, "ಚಿತ್ರ ಗಿತ್ರ ಎಲ್ಲ ಆಮೇಲೆ, ಸುಮ್ನೆ ತಲೆ ತಿನ್ಬೇಡ, ಶುಕ್ರವಾರದೊಳಗೆ ಮುಗಿಸಿ ಕಳ್ಸು" ಅಂತ ಬರೆದೆ. ಗುರುವಾರವೇ ಮುಗಿಸಿ ಕಳಿಸಿದ್ದೆ.

ಆಟ ಹೊರಬಂದ ವಾರಕ್ಕೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಹಲ್ಲಿನ ಡಾಕ್ಟರು, ಫೋನು ಹಿಡಿದುಕೊಂಡು ಮನೆಗೇ ಬಂದಳು. "ಮಿಸ್, ನೀವೇ ಇಟ್ಟಿದ್ದಾ ಇದು?" ಅಂತ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪರದೆಯ ಮೇಲೆ ಆಳೆತ್ತರದ ಕತ್ತಿ ಹಿರಿದು ನಿಂತ ಒಬ್ಬ ದಾಂಡಿಗ. ಅವನ ತಲೆಯ ಮೇಲೆ 'ಗುಮಾಸ್ತ'. ನನಗೂ ನಗು ತಡೆಯಲಾಗಲಿಲ್ಲ. ಗುಮಾಸ್ತ ನನ್ನ ತಪ್ಪೇ, ಒಪ್ಪಿಕೊಳ್ಳುತ್ತೇನೆ. ಮೂಲದಲ್ಲಿ ಅವನು ಬರವಣಿಗೆಯ ಕೆಲಸದವನು. ಕತ್ತಿಯ ತುದಿಯಿಂದ ಗಾಳಿಯಲ್ಲಿ ಮಂತ್ರ ಬರೆಯುತ್ತಾನೆ ಅಂತ ನನಗೇನು ಕನಸು ಬಿದ್ದಿತ್ತೇ? ಚಿತ್ರ ಕಂಡಿದ್ದರೆ 'ಮಂತ್ರಲಿಪಿಕಾರ' ಅಂತಿದ್ದೆ, ಎಂಟಕ್ಷರದೊಳಗೇ.

ಆದರೆ ನಾನಿಟ್ಟ 'ಸನ್ಯಾಸಿ' ಅನ್ನುವ ಹೆಸರಿನ ತಂಟೆಗೆ ಬರಬೇಡ. ಸನ್ಯಾಸಿ ದವಡೆ ಮುರಿಯುವ ಹಾಗೆ ಗುದ್ದುತ್ತಾನೆ ಅಂತ ಜನ ಆಡಿಕೊಳ್ಳುತ್ತಿದ್ದಾರೆ; ಜಪಾನಿನವರೂ ಅವನನ್ನು ಸನ್ಯಾಸಿ ಅಂತಲೇ ಕರೆದಿದ್ದಾರೆ, ಗುದ್ದು ಅವರದ್ದು. ಉಂಡಾಡಿಯನ್ನಂತೂ ಪ್ರಾಣ ಹೋದರೂ ಬಿಟ್ಟುಕೊಡುವುದಿಲ್ಲ. ಯುದ್ಧದ ಮಧ್ಯೆ ನಿಂತು ಆಕಳಿಸುವ, ಸಿಳ್ಳೆ ಹೊಡೆಯುವ, ಯಾರ ಉಪಯೋಗಕ್ಕೂ ಬಾರದ ಆ ಪುಣ್ಯಾತ್ಮನನ್ನು 'ಮನರಂಜಕ' ಅಂತ ತಿದ್ದಬೇಕು ಎಂದರಂತೆ ನಿಮ್ಮ ಮೇಲಧಿಕಾರಿ. ಅವರು ಎಂದಾದರೂ ಒಬ್ಬ ಉಂಡಾಡಿಯನ್ನು ಸಾಕಿದ್ದಾರೆಯೇ, ಕೇಳು. ನಾನು ನಿಮ್ಮಪ್ಪನ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದವಳು.

ನನ್ನ ಹೊಟ್ಟೆ ಉರಿದದ್ದು ಜನರ ನಗುವಿಗಲ್ಲ. ಕಾಗದದಲ್ಲಿರುವ 'ಮರೆವು' ಅನ್ನುವ ಮಾತು ನಿನ್ನದು. ಮೇಲಧಿಕಾರಿ ಬರೆಸಿದರು ಅನ್ನಬೇಡ. ನಿನಗೆ ವಾಕ್ಯ ಬರೆಯಲು ಕಲಿಸಿದವಳೇ ನಾನು, ನಿನ್ನ ವಾಕ್ಯ ನನಗೆ ಗೊತ್ತಾಗುವುದಿಲ್ಲವೇ? ಓದಿ ತುಂಬ ಸಂಕಟವಾಯಿತು. ನೀನು ಹೆದರಿದ್ದೀಯ ಅಂತಲೂ ಗೊತ್ತು. ತಂಡದ ಮುಖ್ಯಸ್ಥೆಯಾಗಿ ಇನ್ನೂ ಆರು ತಿಂಗಳಾಗಿಲ್ಲ. ಚಿತ್ರ ಕೊಡದೆ ಅವಸರ ಮಾಡಿದ್ದು ನೀನೇ ಅಂತ ತಿಳಿದರೆ ಕುರ್ಚಿ ಹೋಗಬಹುದು. ಹೋಗಲಿ. ಅಮ್ಮನ ತಲೆಯ ಮೇಲೆ ಗೂಬೆ ಕೂರಿಸಿ ಉಳಿಸಿಕೊಂಡ ಕುರ್ಚಿಯಲ್ಲಿ ನಿನಗೆ ನೆಟ್ಟಗೆ ಕೂರಲಾಗುವುದಿಲ್ಲ. ನಾನು ನಿನ್ನನ್ನು ಹಾಗೆ ಬೆಳೆಸಿಲ್ಲ.

ಭಾನುವಾರ ಊಟಕ್ಕೆ ಬಾ. ಬೇರೆ ಏನಾದರೂ ವಿಷಯ ಹುಡುಕಿಕೊಂಡು ಜಗಳವಾಡೋಣ.

ಇಂತಿ, ಎಲ್ಲವೂ ಚೆನ್ನಾಗಿ ನೆನಪಿರುವ
ನಿನ್ನ ಅಮ್ಮ

ತಾ.ಕ.: ನಿನ್ನ ಕಾಗದವನ್ನು ಇದರೊಂದಿಗೇ ವಾಪಸು ಕಳಿಸಿದ್ದೇನೆ. ನೀನು ಬರೆದ ಸಾಲುಗಳನ್ನೆಲ್ಲ ಹೊಡೆದುಹಾಕಿ, ಕೆಳಗೆ 'ನಾನು ಮೂರು ಸಲ ಚಿತ್ರ ಕೇಳಿದೆ, ಕೊಡಲಿಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ. ಯಾರು ಕೊಡಲಿಲ್ಲ ಎಂದೂ ಬರೆಯೋಣವೆಂದು ಬೆಳಗಿನಿಂದ ಕುಳಿತಿದ್ದೆ, ಕೈ ಬರಲಿಲ್ಲ. ಅಲ್ಲಿ ಒಂದು ಹೆಸರಿಗಾಗುವಷ್ಟು ಜಾಗ ಬಿಟ್ಟಿದ್ದೇನೆ. ಅದನ್ನು ನೀನೇ ಬರೆ.