ಕರಟದಲ್ಲಿ ಸಿಕ್ಕ ಬೆಂಡೋಲೆ

ದಂಡಿನಶಿವರ
9-2-2025, ಭಾನುವಾರ

ಮುದ್ದಿನ ಮಗಳು ಮಧುಶ್ರೀಗೆ,

ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನನಗಂತೂ ನೆಮ್ಮದಿಯಿಲ್ಲ. ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನ ಕಿವಿಗೆ ಬೀಳುತ್ತದೆಂದು ಈ ಕಾಗದ. ನಿಮ್ಮ ತಿಪಟೂರಿಗೆ ಹೊರಟಿರುವ ಪಕ್ಕದ ಮನೆಯ ಹಾಲಸ್ವಾಮಿಯ ಕೈಗೆ ಕೊಡುತ್ತೇನೆ.

ಹೋದ ವಾರ ಭೈರಮ್ಮನವರ ಮನೆಯಲ್ಲಿ ಕೊಬ್ಬರಿ ಒಡೆಯುವ ಕೆಲಸವಿತ್ತು. ನನ್ನ ಜೊತೆ ನಿನ್ನ ತಮ್ಮ ದಯಾನಂದನೂ ಬಂದಿದ್ದ. ಅವತ್ತೇ ಭೈರಮ್ಮನವರ ಕಿವಿಯ ಒಂದು ಬೆಂಡೋಲೆ ಕಳೆಯಿತು. ಯಾರೂ ಬಾಯಿ ಬಿಡಲಿಲ್ಲ, ಆದರೆ ಎಲ್ಲರೂ ಇವನನ್ನೇ ನೋಡಿದರು. ಹೋದ ವರ್ಷ ಆ ಪೋಲಿ ಹುಡುಗರ ಜೊತೆ ಸೇರಿ ಯಾರದೋ ತೋಟದ ಕಾಯಿ ಕದ್ದು ಮಾರಿದ್ದು ನಿಜ. ಹದಿನಾಲ್ಕರ ಹುಡುಗ ಎಂದು ಸ್ಟೇಷನ್ನಿನವರೇ ಬುದ್ಧಿ ಹೇಳಿ ಬಿಟ್ಟರು, ಊರಿನವರು ಬಿಡಲಿಲ್ಲ. ಇವನು ಯಾರ ಅಂಗಳಕ್ಕೆ ಕಾಲಿಟ್ಟರೂ ಒಣಗಲು ಹಾಕಿದ್ದನ್ನೆಲ್ಲ ಒಳಗೆ ಸಾಗಿಸುತ್ತಾರೆ. ಮೊನ್ನೆ ಊಟಕ್ಕೆ ಕೂತವನು, "ಕದ್ರೂ ಕಳ್ಳ, ಕದೀದಿದ್ರೂ ಕಳ್ಳ. ಕದ್ದೇ ಬುಡೋದು ವಾಸಿ ಕಣಮ್ಮ" ಎಂದ.

ಇವತ್ತು ಬೆಳಿಗ್ಗೆ ನೀರೊಲೆಗೆ ಹಾಕಲು ಭೈರಮ್ಮನವರ ಮನೆಯಿಂದ ತಂದಿದ್ದ ಕರಟದ ಚೀಲ ಸುರಿದನಂತೆ, ಅದರಲ್ಲಿ ಬೆಂಡೋಲೆ ಇತ್ತಂತೆ. ತಂದು ನನ್ನ ಕೈಗಿಟ್ಟ. ಸಂತೋಷ ಪಡಬೇಕಾದವಳು ಹೆದರಿಬಿಟ್ಟೆ. ನನಗೇ ಸಿಕ್ಕಿತು ಎಂದು ಹೇಳುತ್ತೇನೆ, ನೀನು ಸುಮ್ಮನಿರು ಎಂದೆ. ಒಪ್ಪಲಿಲ್ಲ. "ನಂಗ್ ಸಿಕ್ಕಿದ್ದು, ನಾನೇ ಕೊಟ್ಟು ಬತ್ತೀನಿ" ಎಂದು ಹೊರಟೇಹೋದ. ಚಿಕ್ಕವನಿದ್ದಾಗ ಏಟಿಗೆ ಹೆದರಿ ನಿಜ ಹೇಳುತ್ತಿದ್ದವನು, ಈಗ ಬೈಗುಳ ಬೀಳುತ್ತದೆಂದು ಗೊತ್ತಿದ್ದೂ ಹೇಳಲು ಹೋಗಿದ್ದಾನೆ. ಇನ್ನೂ ಬಂದಿಲ್ಲ. ಕದ್ದವನೇ ಹೆದರಿ ತಂದುಕೊಟ್ಟ ಎಂದು ಅವರು ಅಂದುಬಿಟ್ಟರೆ ಹುಡುಗ ಕೈತಪ್ಪಿ ಹೋಗುತ್ತಾನೆ ಕಣೇ.

ಶನಿವಾರ ತಪ್ಪದೆ ಬಾ. ಅವನಿಗೆ ನಿನ್ನ ಮಾತೆಂದರೆ ಮಾತು. ಊರು ಏನೇ ಅನ್ನಲಿ, ಮನೆಯವರು ಅವನನ್ನು ನಂಬಿದ್ದೇವೆ ಎಂದು ತಿಳಿಸಿ ಹೇಳು.

ನಿನ್ನ ದಾರಿ ಕಾಯುವ ಅಮ್ಮ,
ಶಾಂತಕುಮಾರಿ

ಕಾಗದ ಮಡಿಸುವ ಮೊದಲು ಇನ್ನೊಂದು ಮಾತು: ಇಷ್ಟು ಬರೆದು ಎದ್ದವಳು ಅವನ ಹಾಸಿಗೆ ಕೊಡವಿದೆ, ಟ್ರಂಕು ತೆಗೆದು ತಡಕಿದೆ, ಇನ್ನೇನಾದರೂ ಇಟ್ಟಿದ್ದಾನೇನೋ ಎಂದು. ಅಷ್ಟರಲ್ಲಿ ನಗುನಗುತ್ತಾ ಬಂದ. ಭೈರಮ್ಮನವರು ಕಾಫಿ ಕೊಟ್ಟು, ನಾಳೆ ಮತ್ತೆ ಕೆಲಸಕ್ಕೆ ಬಾ ಎಂದರಂತೆ. ಹೇಳುತ್ತಿದ್ದವನ ಕಣ್ಣು ತೆರೆದ ಟ್ರಂಕಿನ ಮೇಲೆ ಬಿತ್ತು. "ಏನಾರ ಸಿಕ್ತೇನಮ್ಮ?" ಎಂದ.