ಅಪ್ಪನ ಲಿವರ್, ಓಣಿಯ ರಕ್ತ

ಫೆಬ್ರವರಿ 3, ಸೋಮವಾರ

ಮತ್ತೆ ಗುಲಾಬಿ ಪೆನ್ಸಿಲ್ ಮುಗಿಯಿತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಡಿಸುವ ಹಿಸ್ಟಾಲಜಿ ರೆಕಾರ್ಡ್ ಅಂದರೆ ಗುಲಾಬಿ, ನೇರಳೆ... ಎರಡೇ ಬಣ್ಣದ ಲೋಕ. ಇವತ್ತು ಲಿವರ್. ಮೊದಲು ಹಂದಿಯದು. ಆರು ಮೂಲೆಯ ಮನೆಗಳು, ಸುತ್ತ ಗೋಡೆ, ನಡುವೆ ಒಂದು ರಕ್ತನಾಳ. ಆಮೇಲೆ ಮನುಷ್ಯನದು. ಗೋಡೆಯೇ ಇಲ್ಲ. ಜೀವಕೋಶಗಳ ಸಾಲು ಒಂದು ಮನೆಯಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಿಬಿಡುತ್ತದೆ.

“ಗಡಿ ಹುಡುಕಬ್ಯಾಡ್ರಿ,” ಸಮೀವುಲ್ಲಾ ಸರ್ ಅಂದರು. “ಆರಾಮ ಇದ್ದ ಮನುಷ್ಯಾನ ಲಿವರ್‌ದಾಗ ಗಡಿ ಕಾಣಂಗಿಲ್ಲ. ಕಂಡ್ರ ರೋಗ ಬಂದದ ಅಂತ ತಿಳ್ಕೋರಿ.”

ಕ್ಲಾಸಿನಲ್ಲಿ ಹೇಳಿದರೆ ಸಾಲದು ಸರ್. ಹಾಸ್ಟೆಲ್ ಮೆಸ್ಸಿನಲ್ಲಿ ಹೇಳಿ. ನಾನು ಕೂತರೆ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುವವರಿಗೆ ಹೇಳಿ.

ಫೆಬ್ರವರಿ 12

ಅಪ್ಪನನ್ನು ನಮ್ಮ ಕಾಲೇಜಿನ ಆಸ್ಪತ್ರೆಗೆ ತಂದಿದ್ದಾರೆ. ಕಮಲಾಪುರದಿಂದ ಬಸ್ಸಿನಲ್ಲೇ. ಬಾಳೆಗೊನೆ ಹೊತ್ತ ಹೆಗಲು ಒಣಗಿದೆ, ಹೊಟ್ಟೆ ಉಬ್ಬಿದೆ. ಕಣ್ಣು ಅರಿಶಿನ.

“ಎಷ್ಟು ವರ್ಷದಿಂದ ಕುಡೀತಾನ?” ಡ್ಯೂಟಿ ಡಾಕ್ಟರು ಕೇಳಿದ್ದು ಅವ್ವನನ್ನು. ನಮ್ಮ ಓಣಿಯ ಹೆಸರು ಕೇಳಿಕೊಂಡ ಮೇಲೆ ಈ ಪ್ರಶ್ನೆ.

“ಹನಿ ಮುಟ್ಟಿಲ್ರೀ ಸಾಹೇಬ್ರ.”

“ಎಲ್ಲಾರೂ ಹಂಗೇ ಅಂತಾರ.”

ಕೂಗಾಡಿದೆ. ನರ್ಸ್ ಬಂದು ಹೊರಗೆ ನಡಿ ಅಂದಳು. ಪಕ್ಕದ ಮಂಚದ ಮಲ್ಲು ಎದ್ದು ಕೂತ. ಆಟೊ ಓಡಿಸುವವ, ಕುಡಿದೇ ಲಿವರ್ ಕೆಡಿಸಿಕೊಂಡವ.

“ಸಾಹೇಬ್ರ, ಕುಡದಾಂವ ನಾ ಇಲ್ಲೇ ಇದ್ದೀನಿ. ನನ್ನ ಮೆಡಲ್ ಅವ್ರ ಕೊಳ್ಳಾಗ ಯಾಕ ಹಾಕ್ತೀರಿ?”

ವಾರ್ಡೆಲ್ಲ ನಕ್ಕಿತು. ಅಪ್ಪನೂ.

ಫೆಬ್ರವರಿ 14

ರಿಪೋರ್ಟ್ ಬಂತು. ಹೆಪಟೈಟಿಸ್ ಬಿ. ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್ಸು. ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ತಿಂದಿದೆ. ಈಗ ಸಿರೋಸಿಸ್, ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ರೋಗ. ಅವ್ವನಿಗೂ ನನಗೂ ಟೆಸ್ಟ್ ಮಾಡಿದರು. ಇಬ್ಬರಿಗೂ ಇಲ್ಲ. ತಮ್ಮ ಸಾಯಿಕುಮಾರ ಊರಲ್ಲಿದ್ದಾನೆ, ಬರಲು ಹೇಳಬೇಕು.

ಸಮೀವುಲ್ಲಾ ಸರ್ ಕರೆದು ಸಿರೋಸಿಸ್ ಸ್ಲೈಡ್ ತೋರಿಸಿದರು. ಅಪ್ಪನದಲ್ಲ, ಯಾರದೋ. ಗೋಡೆ. ಎಲ್ಲೆಲ್ಲೂ ಗೋಡೆ. ಗಂಟು ಗಂಟಾಗಿ ಬೇರೆಯಾದ ಜೀವಕೋಶಗಳು, ಸುತ್ತ ನಾರು. ರಕ್ತಕ್ಕೆ ದಾರಿಯೇ ಇಲ್ಲ. ಸರ್ ಮೈಕ್ರೋಸ್ಕೋಪಿನ ದೀಪ ಆರಿಸಿದರು. “ಇಷ್ಟು ಮುಂದ ಹೋದಮ್ಯಾಲ ಹಿಂದ ಬರೋದು ಕಷ್ಟ ಅದ, ರಮಾಬಾಯಿ.”

ಸಂಜೆ ಮಂಚದ ಪಕ್ಕ ಕೂತು ರೆಕಾರ್ಡ್ ಬರೆದೆ. ಅಪ್ಪ ಇಣುಕಿದ.

“ಇದೇನಿದು, ಜೇನುಹುಟ್ಟಿದ್ದಂಗದ?”

“ಲಿವರಪ್ಪಾ. ಉಂಡಿದ್ದರ ಸಾರ ಎಲ್ಲಾ ಮೊದಲ ಇಲ್ಲಿಗೇ ಬರ್ತದ. ರಕ್ತದಾಗಿನ ಹೊಲಸು ತಿಂದು ಸ್ವಚ್ಛ ಮಾಡೋ ಕೋಶ ಅದಾವ ನೋಡು, ಇಲ್ಲಿ.”

“ಊರ ಹೊಲಸೆಲ್ಲಾ ಇದೇ ತೊಳೀತದಂದ್ರ, ನಮ್ಮ ಓಣ್ಯಾಂದೇ ಇರಬೇಕು.”

ನಕ್ಕೆ. ಇನ್ನೊಂದು ಪುಟ ತೋರಿಸಿದೆ. ಪ್ಯಾಂಕ್ರಿಯಾಸ್. ಕಡು ನೇರಳೆ ಗೊಂಚಲುಗಳು ಅನ್ನ ಕರಗಿಸುವ ರಸ ಮಾಡುತ್ತವೆ. ನಡುನಡುವೆ ತಿಳಿ ಬಣ್ಣದ ದ್ವೀಪಗಳು, ಅವು ಇನ್ಸುಲಿನ್ ಮಾಡುತ್ತವೆ.

“ಒಂದೇ ಮನ್ಯಾಗ ಎರಡು ಕಸುಬು,” ಅಂದ ಅಪ್ಪ. “ಜಗಳಿಲ್ಲೇನು?”

ಫೆಬ್ರವರಿ 16, ಭಾನುವಾರ. ಬಸ್ಸಿನಲ್ಲಿ

ಸಾಯಿ ಸ್ಟೇಟಸ್ ಹಾಕಿದ್ದಾನೆ. ಬೇವಿನ ಗಿಡದ ಕೆಳಗೆ ಕುರ್ಚಿ. ಕುರ್ಚಿಯಲ್ಲಿ ಓಣಿಯ ಮುದುಕನೊಬ್ಬ, ಮುಖದ ತುಂಬ ನೊರೆ. ಸಾಯಿಯ ಕೈಯಲ್ಲಿ ಅಪ್ಪನ ಕ್ಷೌರದ ಕತ್ತಿ. ‘ಅಪ್ಪ ಬರೂತನ ಅಪ್ಪನ ಕೆಲಸ ನಂದು. ಜೈಭೀಮ್.’

ಫೋನ್ ಮಾಡಿದೆ, ಎತ್ತಲಿಲ್ಲ. ಓಡಿ ಬಂದು ಊರಿನ ಬಸ್ ಹತ್ತಿದೆ.

ಒಂದು ಕಾಲಕ್ಕೆ ಊರಿನ ಕಟಿಂಗ್ ಅಂಗಡಿಯಲ್ಲಿ ನಮ್ಮ ಓಣಿಯವರನ್ನು ಕೂರಿಸುತ್ತಿರಲಿಲ್ಲ. ಅಪ್ಪನಿಗೆ ಆಗ ಹರೆಯ. ಬೇಡಿಕೊಳ್ಳಲಿಲ್ಲ. ಕಲಬುರಗಿಗೆ ಬಂದು ಕತ್ತಿ ಕೊಂಡ. ಅಲ್ಲೇ ಗಾಜಿಪುರದ ಮೈಬೂಬ ಸಾಹೇಬರ ಹತ್ತಿರ ಕ್ಷೌರ ಕಲಿತ. ಅಂದಿನಿಂದ ಭಾನುವಾರ ಬಂತೆಂದರೆ ಓಣಿಯ ಗಂಡಸರ ಮುಖವೆಲ್ಲ ಅಪ್ಪನ ಕೈಯಲ್ಲಿ. ಜಾತಿ ನಿಂದನೆಯ ಕೇಸು ಬೀಳುತ್ತದೆಂದು ಅಂಗಡಿಯವರು ಆಮೇಲೆ ಬಾಗಿಲು ತೆರೆದರು. ನಮ್ಮವರೇ ಹೋಗಲಿಲ್ಲ. ನಮ್ಮಪ್ಪ ಮಾಪಣ್ಣನ ಕುರ್ಚಿ ಅಂದರೆ ಮರ್ಯಾದೆ.

ಒಂದೇ ಕತ್ತಿ. ನೀರಲ್ಲಿ ಅದ್ದಿ, ಒರೆಸಿ, ಮುಂದಿನ ಕೆನ್ನೆಗೆ. ಗಾಯವಾದರೆ ಉಜ್ಜಲು ಒಂದೇ ಫಿಟ್ಕರಿ ಕಲ್ಲು. ಯಾರ ರಕ್ತ ಯಾರಿಗೆ ಹೋಯಿತೋ.

ಹೊಟ್ಟೆ ಉಬ್ಬಿ ಸತ್ತವರಿದ್ದಾರೆ ಓಣಿಯಲ್ಲಿ. ಕುಡಿದು ಸತ್ತರು ಅಂದಿತು ಊರು. ನಾವೂ ಅಂದೆವು.

ಅದೇ ದಿನ, ಸಂಜೆ

ಓಣಿ ಮುಟ್ಟಿದವಳೇ ಸಾಯಿಯ ಕೈಯಿಂದ ಕತ್ತಿ ಕಿತ್ತುಕೊಂಡೆ. ಆಗ ಕುರ್ಚಿಯಲ್ಲಿದ್ದ ನೆರೆಮನೆಯ ತುಳಜಪ್ಪ ಕಾಕಾನ ಅರ್ಧ ಗಡ್ಡ ಹಾಗೇ ಉಳಿಯಿತು.

“ಏನವ್ವಾ ಡಾಕ್ಟರಬಾಯಿ, ಈ ಕಡಿ ಮದುಮಗ, ಆ ಕಡಿ ಮುದುಕ ಆಗಿ ಹೆಂಗ್ ಅಡ್ಡಾಡ್ಲಿ?”

ಎಲ್ಲರೂ ನಕ್ಕರು. ಅಪ್ಪನ ರೋಗದ ಮಾತು, ಕತ್ತಿಯ ಮಾತು ಹೇಳಿದೆ. ನಗು ನಿಂತಿತು.

“ಅಂದ್ರ ಮಾಪಣ್ಣ ನಮಗ ರೋಗ ಹಚ್ಯಾನ ಅಂತೀಯೇನು?”

“ಅಪ್ಪ ಅಲ್ಲ ಕಾಕಾ. ಬಾಗಲಾ ಹಾಕಿದವ್ರು ಹಚ್ಯಾರ.”

“ಅವ್ರ ಅಂಗಡ್ಯಾಗೂ ಆಗ ಒಂದೇ ಕತ್ತಿ ಇತ್ತಲ್ಲ, ತಂಗಿ?”

ಕತ್ತಿ ಮಡಚಿ ಚೀಲಕ್ಕೆ ಹಾಕಿದೆ. ಕಾಕಾ ಅಂದದ್ದು ಖರೆ. ಆದರೂ ನನ್ನ ಸಿಟ್ಟು ಸುಳ್ಳಲ್ಲ.

ಎಲ್ಲರೂ ರಕ್ತ ತೋರಿಸಿಕೊಳ್ಳಿ ಅಂದೆ. ತುಳಜಪ್ಪ ಕಾಕಾ ನೊರೆ ಒರೆಸಿಕೊಂಡು ಎದ್ದ. “ಮಾಪಣ್ಣ ಹೇಳ್ಲಿ, ಕೊಡ್ತೀವಿ. ನಿನ್ನ ಮಾತು ಕೇಳಿ ಅವನ ಮರ್ಯಾದಿ ತೆಗ್ಯಾಂಗಿಲ್ಲ ನಾವು.”

ಫೆಬ್ರವರಿ 18

ಅಪ್ಪನಿಗೆ ಇದನ್ನು ಹೇಳಬೇಡ ಎಂದು ಅವ್ವ ಕಾಲಿಗೆ ಬೀಳುವುದೊಂದು ಬಾಕಿ. “ಅವ್ರು ಇನ್ನೆಷ್ಟ್ ದಿನ ಇರ್ತಾರ? ಸಮಾಧಾನಲೇ ಕಣ್ಣು ಮುಚ್ಚಲಿ. ಆಮ್ಯಾಲ ಬೇಕಂದ್ರ ಡಂಗುರ ಹೊಡಿ.”

ಆಮೇಲೆ ಯಾರು ಹೇಳಿದರೂ ಓಣಿಯವರು ಬರುವುದಿಲ್ಲ. ಗೋಡೆ ಏಳುವ ಮೊದಲೇ ಮಾತ್ರೆ ಶುರುವಾದರೆ ಅವರ ಲಿವರ್ ಉಳಿಯುತ್ತದೆ. ಅಪ್ಪ ಒಬ್ಬ. ಅವರು ಓಣಿ ತುಂಬ.

ಹೇಳಿದೆ.

ಅಪ್ಪ ಪೂರ್ತಿ ಕೇಳಿಸಿಕೊಂಡ. “ನೀರಾಗ ತೊಳೀತಿದ್ದೆ ನಾ.” ಮತ್ತೆ, “ಡೆಟ್ಟಾಲ್ ಹಾಕಿ ತೊಳೀತಿದ್ದೆ.”

“ಗೊತ್ತಪ್ಪಾ.”

“ಫೋನ್ ಹಿಡಿ.”

ಓಣಿಯ ಗ್ರೂಪಿಗೆ ವಾಯ್ಸ್ ಮೆಸೇಜು. “ನಾ ಮಾಪಣ್ಣ ಮಾತಾಡಾಕತ್ತೀನಿ. ಎಲ್ಲಾರೂ ರಕ್ತ ತೋರಿಸ್ಕೋರಿ. ನನ್ನ ಕೈಲಿಂದ ತಪ್ಪಾಗ್ಯಾದ. ಕೈ ಮುಗಿತೀನಿ.”

“ತಪ್ಪು ಅನಬ್ಯಾಡಪ್ಪಾ! ಅಂಗಡಿ ಮಾತು ಹೇಳು. ನಮ್ಮನ್ನ ಕೂಡಿಸಲಿಲ್ಲಂತ ಹೇಳು...”

“ಸಾಕು, ರಮಾ.”

ಅತ್ತ ಹೊರಳಿದ.

ಫೆಬ್ರವರಿ 25

ಅಪ್ಪ ಮಾತು ಬಿಟ್ಟಿದ್ದಾನೆ. ನಾನು ಬಂದರೆ ಕಣ್ಣು ಮುಚ್ಚುತ್ತಾನೆ. ಅವ್ವ ಗಂಜಿ ಕುಡಿಸುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ಮಲ್ಲುವಿನ ಮಂಚ ಖಾಲಿ. ಎಲ್ಲಿ ಹೋದ ಅಂತ ಕೇಳಲಿಲ್ಲ.

ಓಣಿಯವರು ಟೆಂಪೊ ಮಾಡಿಕೊಂಡು ಬಂದು ರಕ್ತ ಕೊಟ್ಟು ಹೋದರು. ಸಾಯಿಯೂ ಕೊಟ್ಟ. ಅಪ್ಪನ ಮಂಚದ ಸುತ್ತ ನಿಂತರು, ಬಾಳೆಹಣ್ಣು ಇಟ್ಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ.

ಮಾರ್ಚ್ 2

ಓಣಿಯವರ ರಿಪೋರ್ಟು ಬಂದವು. ಕೆಲವರಿಗೆ ಇಲ್ಲ. ಕೆಲವರಿಗೆ ಇದೆ. ತುಳಜಪ್ಪ ಕಾಕಾನಿಗೆ ಇದೆ.

ಸಾಯಿಗೆ ಇದೆ.

ಚಿಕ್ಕವನಿದ್ದಾಗ ಬೇಸಿಗೆ ಬಂದರೆ ಅವನ ತಲೆ ಬೋಳಿಸುತ್ತಿದ್ದದ್ದು ಅಪ್ಪ. ಮೀಸೆ ಚಿಗುರಿದಾಗ ಮೊದಲ ಶೇವ್ ಅಪ್ಪನದೇ. ಓಣಿಗೆಲ್ಲ ಪೇಡೆ ಹಂಚಿದ್ದೆವು.

ಸಮೀವುಲ್ಲಾ ಸರ್ ಸಾಯಿಯ ರಿಪೋರ್ಟು ನೋಡಿದರು. ಲಿವರ್ ಇನ್ನೂ ಚೆನ್ನಾಗಿದೆ, ಆಗಾಗ ತೋರಿಸುತ್ತಿರಲಿ, ಬೇಕಾದಾಗ ಮಾತ್ರೆ ಇದೆ, ಹೆದರಬೇಡಿ ಅಂದರು. ಸಾಯಿ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಹೆಬ್ಬೆರಳ ಪಟ್ಟಿ ತಿರುವುತ್ತಿದ್ದ.

“ಅಪ್ಪಗ ಹೇಳಬ್ಯಾಡಕ್ಕಾ,” ಅಂದ. ಅಷ್ಟೇ.

ಮಾರ್ಚ್ 5

ಅಪ್ಪ ಮಾತಾಡಿದ! ಧ್ವನಿ ಇಲ್ಲ, ಬರೀ ಉಸಿರು.

“ರಿಪೋರ್ಟ್ ಬಂತೇನು?”

“ಬಂತಪ್ಪಾ.”

“ಯಾರಿಗರೆ ಅದ ಏನು?”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಯಾರಿಗೂ ಇಲ್ಲ.”

“ಸಾಯಿಗ?”

ಸಾಯಿ ಕಾಲ ಬಳಿ ನಿಂತಿದ್ದ. “ನನಗೇನಾಗ್ಯಾದ? ನೋಡು ಹೆಂಗ್ ಇದ್ದೀನಿ, ಹೋರಿ ಇದ್ದಂಗ.” ತೋಳು ಎತ್ತಿ ತೋರಿಸಿದ, ಹುಚ್ಚ.

ಅಪ್ಪ ಅವನನ್ನು ನೋಡಿದ. ಆಮೇಲೆ ನನ್ನನ್ನು. ಇಷ್ಟು ದಿನಗಳ ಮೇಲೆ ನನ್ನನ್ನು.

“ನನ್ನ ಕಣ್ಣಾಗ ನೋಡಿ ಹೇಳು, ಯವ್ವಾ.”

ನೋಡಿದೆ. ನೋಡಿಯೇ ಹೇಳಿದೆ, “ಇಲ್ಲಪ್ಪಾ.” ಅಪ್ಪ ಕೈ ಎತ್ತಿದ. ನನ್ನ ತಲೆಯ ಮೇಲಿಟ್ಟು, ಏನೋ ಹೇಳಲು ಬಾಯಿ ತೆರೆದ; ಉಸಿರು ಅಲ್ಲೇ ನಿಂತಿತು, ಕೈ ಜಾರಿತು.