ಇರುವೆ ಅಕ್ಷರ

ಶುಕ್ರವಾರ ಸಂಜೆ
ಆಫೀಸಿನ ಕಿಟಕಿ ಪಕ್ಕದ ಮೇಜಿನಿಂದ (ಮೇಜು ಇನ್ನೂ ನನ್ನದೇ)

ಪ್ರೀತಿಯ ಅಕ್ಕನಿಗೆ, ಇದನ್ನು ಗಟ್ಟಿಯಾಗಿ ಓದಿ ಹೇಳುತ್ತಿರುವ ಭಾವನಿಗೂ,

ಸುತ್ತು ಬಳಸು ಬೇಡ, ವಿಷಯ ಮೊದಲು ಹೇಳಿಬಿಡುತ್ತೇನೆ. ಗೆದ್ದೆವು ಅಕ್ಕ. ‘ಒಬ್ಬರ ಕಣ್ಣು’ ಉಳಿಯಿತು. ಅದರ ಜೊತೆ ನನ್ನ ಕುರ್ಚಿಯೂ ಉಳಿಯಿತು. ಭಾವ, ಇಲ್ಲಿ ಸ್ವಲ್ಪ ನಿಲ್ಲಿಸಿ, ಅವಳು ನಕ್ಕು ಮುಗಿಸಲಿ.

ಅಕ್ಷರಗಳನ್ನು ಇಷ್ಟು ದಪ್ಪಗೆ ಬರೆಯುತ್ತಿರುವುದು ಭಾವನ ಕನ್ನಡಕದ ಮೇಲಿನ ಕರುಣೆಯಿಂದ. ನಿನಗೆ ದಪ್ಪ ಅಕ್ಷರ ಆಗಿಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ. ನಿನಗೆ ಕಾಣುವುದು ನಟ್ಟನಡುವಿನ ಒಂದು ಸಣ್ಣ ಕಿಂಡಿಯಷ್ಟು. ಸಣ್ಣಕ್ಷರವಾದರೆ ಅದರೊಳಗೆ ನಾಲ್ಕು ಪದ ಕೂರುತ್ತವೆ. ದಪ್ಪದ್ದಾದರೆ ಒಂದು ಒತ್ತಕ್ಷರವೂ ಪೂರ್ತಿ ಕೂರುವುದಿಲ್ಲ. ನನ್ನ ಬರವಣಿಗೆ ನೋಡಿ ಮೇಷ್ಟ್ರು, ಹಾಳೆ ಮೇಲೆ ಇರುವೆ ಬಿಟ್ಟಿದೀಯೇನೇ ಅಂತ ಕಿವಿ ಹಿಂಡುತ್ತಿದ್ದರು. ಅದನ್ನು ಸರಾಗವಾಗಿ ಓದುತ್ತಿದ್ದವಳು ನೀನೊಬ್ಬಳೇ. ಓದಿದ್ದಲ್ಲದೆ ನನಗೆ ಇರುವೆ ಎಂದು ಹೆಸರನ್ನೂ ಇಟ್ಟೆ. ಈಗ ಉದ್ದನೆಯ ಕಾಗದ ಓದಿದರೆ ನಿನಗೆ ತಲೆನೋವು ಬರುತ್ತದೆ, ಹಾಗಾಗಿ ಭಾವನೇ ಓದಲಿ. ನೀನು ಆರಾಮಾಗಿ ಕೇಳು.

ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನನ್ನ ಕೆಲಸ ಏನೆಂದು ಭಾವನಿಗೆ ಇಂದಿಗೂ ಅರ್ಥವಾಗಿಲ್ಲ. ನಾದಿನಿ ಕಣ್ಣಿನ ಆಸ್ಪತ್ರೆಯಲ್ಲಿ ಗುಮಾಸ್ತೆ ಅಂತ ಗಿರಾಕಿಗಳ ಹತ್ತಿರ ಹೇಳಿಕೊಂಡು ಬರುತ್ತಾರಂತೆ. ಅಲ್ಲ ಭಾವ. ಇದು ಕಣ್ಣಿನ ವಿಜ್ಞಾನದ ಪತ್ರಿಕೆ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಬೀಳುವ ಪರದೆ ಇದೆಯಲ್ಲ, ಆ ಅಕ್ಷಿಪಟಲದ ಬಗ್ಗೆ ಡಾಕ್ಟರುಗಳು, ವಿಜ್ಞಾನಿಗಳು ಕಂಡುಕೊಂಡದ್ದನ್ನೆಲ್ಲ ಬರೆದು ಕಳಿಸುತ್ತಾರೆ. ನಾವು ತಿಳಿದವರಿಂದ ಓದಿಸಿ, ಜರಡಿ ಹಿಡಿದು, ಗಟ್ಟಿ ನಿಂತದ್ದನ್ನು ಅಚ್ಚು ಹಾಕುತ್ತೇವೆ. ಅದರ ಕೊನೆಯಲ್ಲಿ ‘ಒಬ್ಬರ ಕಣ್ಣು’ ಎಂಬ ವಿಭಾಗ. ಒಬ್ಬರೇ ಒಬ್ಬ ರೋಗಿ, ಎರಡೇ ಎರಡು ಪುಟ. ಯಾರೂ ಹಿಂದೆ ಕಂಡಿರದ ತೊಂದರೆಯನ್ನು ಒಬ್ಬ ಡಾಕ್ಟರು ಒಬ್ಬರ ಕಣ್ಣಿನಲ್ಲಿ ಕಂಡರೆ ಅಲ್ಲಿ ಬರೆಯುತ್ತಾರೆ. ಆ ವಿಭಾಗವನ್ನು ನೋಡಿಕೊಳ್ಳುವವಳು ನಾನು.

ಈ ವರ್ಷ ನಮಗೆ ಹೊಸದಾಗಿ ಒಬ್ಬರು ಆಡಳಿತಗಾರರು ಬಂದರು. ಎಲ್ಲವನ್ನೂ ಬಿಂದು ಇಟ್ಟು, ಬಿಂದುವಿನಾಚೆ ಮೂರು ಅಂಕಿಯವರೆಗೆ ಹೇಳುತ್ತಾರೆ. ಟೀ ಹೇಗಿದೆ ಎಂದು ಕೇಳಿದರೂ ಹತ್ತಕ್ಕೆ ಏಳು ಬಿಂದು ಎರಡು ಒಂದು ಐದು ಅನ್ನುವವರು. ನಾವೆಲ್ಲ ಅವರಿಗೆ ದಶಾಂಶ ಸಾಹೇಬರು ಎಂದು ಹೆಸರಿಟ್ಟಿದ್ದೇವೆ. ಬಂದವರೇ ಪತ್ರಿಕೆಯ ಪ್ರಭಾವದ ಅಂಕ ಇಳಿದಿದೆ ಎಂದು ತಲೆ ಮೇಲೆ ಕೈ ಹೊತ್ತರು.

ಪ್ರಭಾವದ ಅಂಕ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಹಿಂದಿನ ಎರಡು ವರ್ಷ ನಾವು ಅಚ್ಚು ಹಾಕಿದ್ದನ್ನು ಈ ವರ್ಷ ಬೇರೆಯವರು ತಮ್ಮ ಬರಹಗಳಲ್ಲಿ ಎಷ್ಟು ಸಲ ನೆನೆದರು ಎಂಬ ಲೆಕ್ಕ. ಅದು ಏರಿದರೆ ಒಳ್ಳೊಳ್ಳೆಯ ಬರಹಗಳು ನಮ್ಮ ಬಾಗಿಲಿಗೆ ಬರುತ್ತವೆ, ಇಳಿದರೆ ಪಕ್ಕದ ಬಾಗಿಲಿಗೆ ಹೋಗುತ್ತವೆ. ಈಗ ಎಲ್ಲರೂ ಅಕ್ಷಿಪಟಲದ ಫೋಟೊವನ್ನು ಕಂಪ್ಯೂಟರಿಗೆ ತೋರಿಸಿ ರೋಗ ಹೇಳಿಸುವುದರ ಹಿಂದೆ ಬಿದ್ದಿದ್ದಾರೆ. ಅದು ಒಳ್ಳೆಯ ಕೆಲಸವೇ, ನಾನು ಅಲ್ಲ ಎನ್ನುವುದಿಲ್ಲ. ಅಂಥ ಒಂದು ಬರಹ ಬಂದರೆ ಮರುದಿನದಿಂದಲೇ ನೂರಾರು ಜನ ನೆನೆಯುತ್ತಾರೆ. ನನ್ನ ಒಂಟಿ ರೋಗಿಯನ್ನು ಎರಡು ವರ್ಷದಲ್ಲಿ ಯಾರು ನೆನೆಯಬೇಕು? ಅಂಥದೇ ಕಣ್ಣಿನ ಇನ್ನೊಬ್ಬರು ಯಾವುದೋ ಡಾಕ್ಟರ ಎದುರು ಬಂದು ಕೂರುವವರೆಗೆ ಆ ಎರಡು ಪುಟ ಸುಮ್ಮನೆ ಬಿದ್ದಿರುತ್ತದೆ.

ಹಾಗಾಗಿ ದಶಾಂಶ ಸಾಹೇಬರು ಕಂಪ್ಯೂಟರಿನ ಬರಹಗಳಿಗೆ ಜಾಗ ಹೆಚ್ಚಿಸಿ, ‘ಒಬ್ಬರ ಕಣ್ಣು’ ಮುಚ್ಚೋಣ ಎಂದು ಸಂಪಾದಕ ಮಂಡಳಿಯ ಮುಂದೆ ಇಟ್ಟರು. ತೀರ್ಮಾನಕ್ಕೆ ನಿನ್ನೆಯ ದಿನ ನಿಗದಿಯಾಯಿತು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿನಗೆ ಗೊತ್ತಿದ್ದದ್ದೇ. ಟೀ ಯಂತ್ರದ ಹತ್ತಿರ ಅವರನ್ನು ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟೆ. ಹುಟ್ಟಿ ಎರಡು ವರ್ಷ ಆದ್ರೂ ಸಂಪಾದನೆ ಮಾಡ್ಲಿಲ್ಲ ಅಂತ ನಿಮ್ಮನೇಲಿ ಮಗೂನ ಆಚೆ ಹಾಕ್ತೀರಾ ಸಾರ್, ಅಂದೆ. ಅವರು ಕಪ್ಪು ಕೆಳಗಿಟ್ಟು, ಮಗು ಬೇರೆ, ಪುಟ ಬೇರೆ ಅಂದರು. ಹಾಗಾದ್ರೆ ಎರಡು ಬಿಟ್ಟು ಹದಿನೈದು ವರ್ಷಕ್ಕೆ ಲೆಕ್ಕ ಹಾಕಿ ನೋಡಿ, ಧೈರ್ಯ ಇದ್ರೆ, ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಧೈರ್ಯದ ಮಾತು ಬೇಕಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡು ಹೊರಟುಹೋದರು.

ನನ್ನ ಹತ್ತಿರ ಇದ್ದ ಒಂದೇ ಆಯುಧ ನೀನು.

ಭಾವ, ಇಲ್ಲಿ ಗಂಟಲು ಸರಿಮಾಡಿಕೊಳ್ಳುವ ನಾಟಕ ಬೇಡ, ಮುಂದೆ ಓದಿ. ಅಕ್ಕ, ಅಪ್ಪನ ಗಡಿಯಾರದಂಗಡಿಯಲ್ಲಿ ನೀನು ರಿಪೇರಿಗೆ ಕೂತ ಹೊಸತು ನೆನಪಿದೆಯಾ? ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಒಂದೇ ಸಲಕ್ಕೆ ಕೂರಿಸುತ್ತಿದ್ದೆ, ಎದ್ದು ಎರಡು ಹೆಜ್ಜೆ ಹೋದರೆ ಸ್ಟೂಲು ಎಡವುತ್ತಿದ್ದೆ. ಅಮ್ಮ ಮೈಮೇಲೆ ಜ್ಞಾನ ಇಲ್ಲ ಇವಳಿಗೆ ಅಂತ ಬೈಯುತ್ತಿದ್ದಳು. ಇಷ್ಟು ಸೂಕ್ಷ್ಮ ಕೆಲಸ ಮಾಡುವವಳ ಕಣ್ಣಿನಲ್ಲಿ ತೊಂದರೆ ಇರಬಹುದೆಂದು ಯಾರಿಗೆ ಹೊಳೆಯಬೇಕು? ಮೂಗಿನೆದುರೇ ಇದ್ದ ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟಾಯಿತೆಂದು ನೀನು ನನ್ನನ್ನು ಕೇಳಿದೆ ನೋಡು, ಆವತ್ತೇ ನಾನು ನಿನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದದ್ದು.

ಅಲ್ಲಿದ್ದ ಗುಂಗುರು ಕೂದಲಿನ ಹುಡುಗು ಡಾಕ್ಟರು ದೊಡ್ಡ ಅಕ್ಷರದ ಹಲಗೆಯನ್ನು ಮುಖದ ಹತ್ತಿರ ಹಿಡಿದಾಗ ನೀನು ತಡವರಿಸಿದೆ. ಕೊನೆಗೆ ಬೇಜಾರಾಗಿ, ದೊಡ್ಡದು ಬೇಡ ಸಾರ್, ನಮ್ಮ ಇರುವೆ ಬರೆದಿರೋದು ಕೊಡಿ, ಓದ್ತೀನಿ ಅಂದೆ. ನನ್ನ ಕಾಲೇಜಿನ ಟಿಪ್ಪಣಿಯ ಹಾಳೆಯನ್ನು ಗಡಗಡ ಓದಿದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಎದುರು ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅಪ್ಪನ ಕಡೆಯಿಂದ ಬಂದ, ಆವರೆಗೆ ಯಾರೂ ದಾಖಲಿಸದ ವಂಶವಾಹಿಯ ಒಂದು ದೋಷವನ್ನು ಹುಡುಕಿ, ನಿನ್ನ ಒಪ್ಪಿಗೆ ಪಡೆದು, ಹೆಸರಿಲ್ಲದೆ ಎರಡು ಪುಟ ಬರೆದರು. ಗಡಿಯಾರ ರಿಪೇರಿ ಮಾಡುವ ಒಬ್ಬ ಯುವತಿ ಎಂದು ಶುರುವಾಗುವ ಆ ವರದಿ ಅಚ್ಚಾದದ್ದು ‘ಒಬ್ಬರ ಕಣ್ಣು’ ವಿಭಾಗದಲ್ಲೇ. ನಾನು ಕೆಲಸಕ್ಕೆ ಈ ಪತ್ರಿಕೆಯನ್ನೇ ಹುಡುಕಿಕೊಂಡು ಬಂದದ್ದೂ ಅದಕ್ಕೇ. ಆ ವರದಿಯನ್ನು ಯಾರೂ ಮೂಸಿ ನೋಡಲಿಲ್ಲ. ವರ್ಷಗಟ್ಟಲೆ ಅದರ ಲೆಕ್ಕ ಸೊನ್ನೆಯೇ.

ಮೊನ್ನೆ ಮೊನ್ನೆ ಒಂದು ದೊಡ್ಡ ಪತ್ರಿಕೆಯಲ್ಲಿ ಹೊಸ ಚಿಕಿತ್ಸೆಯ ಸುದ್ದಿ ಬಂತು. ಇದೇ ದೋಷ ಇರುವವರ ಕಣ್ಣಿಗೆ ಸರಿಯಾದ ವಂಶವಾಹಿಯನ್ನು ಸೇರಿಸಿ, ಕಿಂಡಿ ಕಿರಿದಾಗುತ್ತ ಹೋಗುವುದನ್ನು ನಿಲ್ಲಿಸಿದ್ದಾರೆ. ಅಂಥ ಬರಹಗಳ ಕೊನೆಗೆ, ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರು ಇವರು ಎಂದು ಒಂದೊಂದಾಗಿ ನೆನೆಯುವ ಪದ್ಧತಿ ಇದೆ. ಅಲ್ಲಿ ಮೊಟ್ಟಮೊದಲು ನೆನೆದಿರುವುದು ನಿನ್ನ ಎರಡು ಪುಟವನ್ನು. ಅದನ್ನು ಕಂಡಾಗ ನಾನು ಅತ್ತುಬಿಟ್ಟೆ ಅಕ್ಕ. ಪಕ್ಕದ ಮೇಜಿನವಳು ಯಾರಾದರೂ ಹೋಗಿಬಿಟ್ಟರಾ ಎಂದು ಗಾಬರಿಯಾಗಿ ನೀರು ತಂದುಕೊಟ್ಟಳು.

ಮಂಡಳಿಯ ಮುಂದೆ ಇದನ್ನು ಬಡಿದು ಹೇಳಬೇಕು ಎಂದುಕೊಂಡೆ. ಆಮೇಲೆ ನಮ್ಮ ಕಸುಬಿನ ನಿಯಮ ನೆನಪಾಯಿತು. ಯಾರೇ ಬರೆಯಲಿ, ಯಾರೇ ತೀರ್ಪು ಕೊಡಲಿ, ಆ ವಿಷಯದಲ್ಲಿ ತಮಗೆ ನಂಟು ಇದ್ದರೆ ಮೊದಲೇ ಹೇಳಿಕೊಳ್ಳಬೇಕು. ನಂಟಿದ್ದವರು ತೀರ್ಮಾನದ ಹೊತ್ತಿಗೆ ಕೋಣೆಯಲ್ಲಿ ಇರುವಂತಿಲ್ಲ. ಲೇಖಕರಿಗೆಲ್ಲ ಇದನ್ನು ಕಟ್ಟುನಿಟ್ಟಾಗಿ ಬರೆದು ಕಳಿಸುವವಳೇ ನಾನು. ನಂಟು ಮುಚ್ಚಿಟ್ಟರೆ ವಾದ ಮಾಡಬಹುದು. ಹೇಳಿದರೆ ಬಾಯಿಗೆ ಬೀಗ. ಕಳೆದ ವಾರ ಫೋನಿನಲ್ಲಿ ನಿನ್ನ ವಿಷಯ ಹೇಳಿಕೊಳ್ಳಲೇ ಎಂದು ಕೇಳಿದ್ದು ಇದಕ್ಕೇ. ನೀನು, ಹೇಳ್ಕೋ ಹೋಗೇ, ನಾನೇನು ಕಳ್ಳತನ ಮಾಡಿದೀನಾ ಅಂದೆ. ಅಂದು ಫೋನು ಇಟ್ಟೇಬಿಟ್ಟೆ, ಗಿರಾಕಿ ಬಂದಿದ್ದಾರೆ ಅಂತ.

ನಿನ್ನೆ ಸಭೆ ಶುರುವಾಗುತ್ತಿದ್ದಂತೆ ಎದ್ದು ನಿಂತೆ. ಹೊಸ ಚಿಕಿತ್ಸೆಯ ಬರಹವನ್ನು ಮೇಜಿನ ಮೇಲಿಟ್ಟು, ಇದು ಮೊದಲು ನೆನೆದಿರುವ ವರದಿ ನಮ್ಮದು, ಆ ವರದಿಯ ರೋಗಿ ನನ್ನ ಒಡಹುಟ್ಟಿದ ಅಕ್ಕ, ಹಾಗಾಗಿ ನಾನು ವಾದಿಸುವಂತಿಲ್ಲ ಎಂದು ಹೇಳಿ ಹೊರಗೆ ಬಂದೆ. ಬಂದಮೇಲೆ ನನಗೆ ನಾನೇ ಬೈದುಕೊಂಡೆ. ಸತ್ಯಸಂಧತೆಯೆಲ್ಲ ಸರಿ, ಒಳಗೆ ನಮ್ಮ ಪರ ಮಾತಾಡಲು ಯಾರೂ ಉಳಿದಿರಲಿಲ್ಲ. ಮುಖ್ಯ ಸಂಪಾದಕಿಯವರು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈ, ಮಾತು ಕಡಿಮೆ. ಉಳಿದವರು ಗಾಳಿ ಬಂದ ಕಡೆ ತೂರಿಕೊಳ್ಳುವವರು.

ಸಭೆಯ ಕೋಣೆಗೆ ಗಾಜಿನ ಗೋಡೆ. ಮಾತು ಕೇಳುವುದಿಲ್ಲ, ಎಲ್ಲ ಕಾಣುತ್ತದೆ. ದಶಾಂಶ ಸಾಹೇಬರು ಎದ್ದರು. ಮುಗೀತು ಕಥೆ ಎಂದುಕೊಂಡೆ. ಅವರು ಪರದೆಯ ಮೇಲೆ, ಬರಹಗಳನ್ನು ವರ್ಷ ವರ್ಷ ಎಷ್ಟು ಸಲ ನೆನೆದರು ಎಂಬ ಎರಡು ಗೆರೆಗಳ ಚಿತ್ರ ಹಾಕಿದರು. ಒಂದು ಗೆರೆ ಸರ್ರನೆ ಮೇಲೇರಿ ಅಷ್ಟೇ ಬೇಗ ಕೆಳಗಿಳಿದಿತ್ತು. ಇನ್ನೊಂದು ಎಷ್ಟೋ ವರ್ಷ ನೆಲಕ್ಕಂಟಿಕೊಂಡೇ ಹೋಗಿ, ಆಮೇಲೆ ಏಳಲು ಶುರುಮಾಡಿ, ಏರುತ್ತ ಏರುತ್ತ ಮೊದಲನೆಯದನ್ನು ದಾಟಿಕೊಂಡು ಹೋಗಿತ್ತು. ಅವರು ಆ ಎರಡನೆಯ ಗೆರೆಯ ಮೇಲೆ ಬೆರಳಿಟ್ಟು ಏನೋ ಹೇಳುತ್ತಲೇ ಇದ್ದರು. ಮೊದಲನೆಯ ಗೆರೆಯ ಕೆಳಗೆ ಉಳಿದ ಬರಹಗಳು ಎಂದಿತ್ತು, ಇದರ ಕೆಳಗೆ ಬರೆದಿದ್ದದ್ದನ್ನು ಗಾಜಿಗೆ ಮೂಗು ಒತ್ತಿ ಓದಿದೆ. ‘ಒಬ್ಬರ ಕಣ್ಣು’, ಹದಿನೈದು ವರ್ಷ.

ಹಠಕ್ಕೆ ಬಿದ್ದು ಪೂರ್ತಿ ಲೆಕ್ಕ ಹಾಕಿದ್ದರು ಪುಣ್ಯಾತ್ಮರು! ಸಭೆಯ ಟಿಪ್ಪಣಿ ಬರೆಯಲು ಒಳಗಿದ್ದ ಪಕ್ಕದ ಮೇಜಿನವಳು ಆಮೇಲೆ ಹೇಳಿದಳು, ಇತ್ತೀಚೆಗೆ ಬಂದ ಅಕ್ಷಿಪಟಲದ ಚಿಕಿತ್ಸೆಗಳ ಬೆನ್ನು ಹತ್ತಿ ಹಿಂದೆ ಹಿಂದೆ ಹೋಗಿ ನೋಡಿದರಂತೆ. ಬಹುಪಾಲು ದಾರಿಗಳು ಯಾರೋ ಒಬ್ಬರ ಕಣ್ಣಿನ ಎದುರೇ ಹೋಗಿ ನಿಂತವಂತೆ. ನನ್ನ ಲೆಕ್ಕ ತಪ್ಪಾಗಿರ್ಲಿಲ್ಲ, ನೋಡಿದ್ದು ಕಮ್ಮಿಯಾಯ್ತು ಅಂದರಂತೆ. ಮುಖ್ಯ ಸಂಪಾದಕಿಯವರು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದನ್ನು ನಾನೇ ಕಂಡೆ. ನನ್ನನ್ನು ಒಳಗೆ ಕರೆದು, ವಿಭಾಗ ಮುಚ್ಚುವುದಿಲ್ಲ, ಕೊನೆಯ ಪುಟಗಳಿಂದ ಎತ್ತಿ ಇನ್ನು ಮೇಲೆ ಪತ್ರಿಕೆಯ ಮೊದಲಿಗೆ ಹಾಕಿ ಎಂದರು. ಮೊದಲಿಗೆ ಅಕ್ಕ! ಕಂಪ್ಯೂಟರಿನ ಬರಹಗಳೆಲ್ಲ ನಿನ್ನ ಹಿಂದೆ ಸಾಲಾಗಿ ನಿಲ್ಲಬೇಕು.

ಸಂಜೆ ದಶಾಂಶ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, ಕೈಗಡಿಯಾರ ಬಿಚ್ಚಿಟ್ಟರು. ತುಂಬ ದಿನದಿಂದ ನಿಧಾನವಾಗಿ ಓಡುತ್ತಿದೆಯಂತೆ. ನಿಮ್ಮ ಅಕ್ಕನಿಗೆ ಕಳಿಸ್ಬೋದಾ ಅಂದರು. ಎಷ್ಟು ನಿಧಾನ ಸಾರ್ ಎಂದೆ. ಹೇಳಿದರು, ಬಿಂದುವಿನಾಚೆ ಮೂರು ಅಂಕಿ. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ, ಚೆನ್ನಾಗಿ ನೋಡಿಕೊಡು.

ನನಗೆ ಎಷ್ಟು ಖುಷಿಯಾಗಿದೆ ಎಂದರೆ ನಿನ್ನೆಯಿಂದ ಸುಮ್ಮಸುಮ್ಮನೆ ಕಂಡಕಂಡವರಿಗೆಲ್ಲ ನಮಸ್ಕಾರ ಮಾಡುತ್ತಿದ್ದೇನೆ. ಗುಂಗುರು ಡಾಕ್ಟರಿಗೂ ಫೋನು ಮಾಡಿದೆ. ತಲೆಯಲ್ಲಿ ಗುಂಗುರೆಲ್ಲ ಹೋಗಿದೆಯಂತೆ, ನಗು ಹಾಗೇ ಇದೆ. ಅವರು ಇನ್ನೂ ಒಂದು ಮಾತು ಹೇಳಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಭಾವ, ಹುಬ್ಬು ಗಂಟಿಕ್ಕಬೇಡಿ, ಕೆಟ್ಟ ಸುದ್ದಿಯಲ್ಲ. ಕಾಗದವನ್ನು ಈಗ ಅಕ್ಕನ ಕೈಗೆ ಕೊಡಿ. ನನ್ನ ಸಹಿಯ ಕೆಳಗಿರುವುದು ನಿಮ್ಮ ಕನ್ನಡಕಕ್ಕೆ ನಿಲುಕುವುದಿಲ್ಲ. ಅಂಗಡಿಯ ಭೂತಗನ್ನಡಿ ತರಲು ಎದ್ದರೆ ನನ್ನ ಆಣೆ ಇದೆ.

ಯಾವತ್ತೂ ನಿನ್ನವಳೇ ಆದ,
ಇರುವೆ

ಮರೆತ ಮಾತು, ಇರುವೆ ಅಕ್ಷರದಲ್ಲಿ, ನಿನಗೊಬ್ಬಳಿಗೇ:

ಅಕ್ಕ, ಹೋದ ಸಲ ಬಂದಾಗ ನೀನು ಒಂದು ಕೈಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಮೊದಲೆಲ್ಲ ಗಡಿಯಾರದ ಇಡೀ ಮುಖ ಒಂದೇ ನೋಟಕ್ಕೆ ಸಿಗುತ್ತಿತ್ತಲ್ಲ, ಈಗ ಅರ್ಧವೂ ಸಿಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ನೀನು ಭಾವನಿಗೂ ಹೇಳಿಲ್ಲ, ನಾನೂ ಕೇಳಲಿಲ್ಲ. ಆವತ್ತಿನಿಂದ ನನಗೆ ಭಯವಿತ್ತು. ಈಗ ಕೇಳು. ಆ ಹೊಸ ಚಿಕಿತ್ಸೆಯ ಡಾಕ್ಟರುಗಳು, ಆ ಗಡಿಯಾರದ ಯುವತಿ ಈಗಲೂ ಸಿಗುತ್ತಾಳಾ ಎಂದು ಗುಂಗುರು ಡಾಕ್ಟರನ್ನು ಕೇಳಿದ್ದಾರೆ. ಅವರ ಮದ್ದು ನಿನ್ನ ದೋಷಕ್ಕೆಂದೇ ಮಾಡಿದ್ದು. ಹೋದದ್ದು ಮರಳುವುದಿಲ್ಲ, ಉಳಿದಿರುವ ಕಿಂಡಿ ಉಳಿಯುತ್ತದೆ; ಚಿಕಿತ್ಸೆ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಉಳಿದಿದೆ. ಸಿಗ್ತಾಳೆ, ಅಂಗಡೀಲೇ ಕೂತಿರ್ತಾಳೆ ಅಂತ ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು. ನಿನ್ನನ್ನು ಕೇಳದೆ ಹೇಳಲಿಲ್ಲ.

ನಿನ್ನ ಕಣ್ಣಿನ ಸುದ್ದಿಯನ್ನು ಇಷ್ಟು ವರ್ಷ ಬೇರೆಯವರು ಓದಿ ನಿನಗೆ ಹೇಳಿದ್ದಾರೆ. ಇದೊಂದನ್ನು ನೀನೇ ಮೊದಲು ಓದಬೇಕು ಅನ್ನಿಸಿತು. ಓದಿ ಆಯ್ತಾ? ಹಾಗಾದರೆ ತಲೆ ಎತ್ತು. ಭಾವ ನಿನ್ನ ಮುಖವನ್ನೇ ನೋಡುತ್ತ ಕೂತಿರುತ್ತಾರೆ. ಹೇಳು ಅವರಿಗೆ.